ಹೂಂ ಅನ್ನುವಷ್ಟು ಹೊತ್ತು

ಲ್ಯಾಪ್‌ಟಾಪ್ ರಿಪೇರಿಗೆ ಬರುವವರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ಬಿಸಿ ಆಗ್ತೈತಿ, ನಿಧಾನ ಆಗೇತಿ, ನಾ ಏನೂ ಮಾಡಿಲ್ಲ. ಮೂರನೆಯದು ಯಾವಾಗಲೂ ಸುಳ್ಳು. ಇಪ್ಪತ್ತು ವರ್ಷದಿಂದ ಗದಗಿನಲ್ಲಿ ಅಂಗಡಿ ಇಟ್ಟುಕೊಂಡು ಈ ಸುಳ್ಳು ಕೇಳಿ ಕೇಳಿ ನನ್ನ ಬಾಯಿ ಜೋರಾಗಿದೆ ಎಂದು ಊರವರು ಹೇಳುತ್ತಾರೆ. ಹೇಳಲಿ ಬಿಡಿ.

ಮಹಾನಂದಕ್ಕ ಮಾತ್ರ ಬಂದವರೇ ಯಂತ್ರವನ್ನು ಕೌಂಟರ್ ಮೇಲಿಟ್ಟು ಬೇರೆಯದೇ ಮಾತು ಹೇಳಿದರು.

"ತಂಗೀ, ನಮ್ಮ ಮನ್ಯಾರ ಹೂಂ ತಡಾ ಆಗಿ ಬರಾಕತ್ತೇತಿ. ಸರಿ ಮಾಡಿ ಕೊಡವಾ."

ನಾನು ಕನ್ನಡಕ ಮೇಲೇರಿಸಿ ನೋಡಿದೆ. ಕೆಂಪು ದೀಪದ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್. ಪಕ್ಕದ ಕಿಂಡಿಯೊಂದರಲ್ಲಿ ಕೊರಳಪಟ್ಟಿಯ ವೈರು ಸಿಕ್ಕಿಸಿದ್ದರು. ಆಗ ನನಗೆ ಅರ್ಥವಾಯಿತು.

ಕೊರಳಪಟ್ಟಿ ಈಗ ಯಾರಿಗೂ ಹೊಸದಲ್ಲ. ದನಿ ಹೋದವರ ಕುತ್ತಿಗೆಗೆ ಕಟ್ಟುವ ಪಟ್ಟಿ. ಅವರು ಮಾತಾಡಲು ಪ್ರಯತ್ನಿಸಿದಾಗ ಗಂಟಲಿನ ಸ್ನಾಯುಗಳು ಸಣ್ಣಗೆ ಮಿಡಿಯುತ್ತವೆ. ಆ ಮಿಡಿತವನ್ನು ಪ್ರೊಸೆಸರ್ ಸೋಸಿ ಕೊಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಅದು ಯಾವ ಮಾತು ಎಂದು ಊಹಿಸುತ್ತದೆ, ಸ್ಪೀಕರಿನಲ್ಲಿ ಅವರದೇ ಹಳೆಯ ದನಿ ಕೇಳುತ್ತದೆ. ಮನೆಯೊಳಗಿನ ಮಾತು ಮನೆಯ ಯಂತ್ರದಲ್ಲೇ ಲೆಕ್ಕವಾಗಬೇಕೆಂದು ಕಾಯ್ದೆಯಿದೆ, ಒಳ್ಳೆಯದೇ. ಆದರೆ ಹೊಸ ಚಿಪ್ಪು ಸಿಗುವುದು ನಿಂತು ಆಗ ಮೂರು ವರ್ಷವಾಗಿತ್ತು. ಇದ್ದ ಯಂತ್ರಗಳನ್ನೇ ತಿದ್ದಿ, ತೀಡಿ, ಕಂಪನಿ ಹೇಳಿದ್ದಕ್ಕಿಂತ ವೇಗವಾಗಿ ಓಡಿಸುವುದು ನಮ್ಮಂಥವರ ಕಸುಬಾಯಿತು. ಒಂದು ಕಾಲಕ್ಕೆ ಹುಡುಗರು ಆಟಕ್ಕಾಗಿ ಮಾಡುತ್ತಿದ್ದ ಓವರ್‌ಕ್ಲಾಕಿಂಗು ಈಗ ಹೊಟ್ಟೆಪಾಡು.

"ಎಷ್ಟ ತಡಾ, ಅಕ್ಕಾರ?"

"ಒಮ್ಮೊಮ್ಮಿ ಎಂಟು ಸೆಕೆಂಡು. ನಾ ಗಡಿಯಾರ ನೋಡೀನಿ."

ಅವರ ಮನೆಯವರು ಅಂದಾನಪ್ಪ. ಉಳ್ಳಾಗಡ್ಡಿ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವರು. ಯಂತ್ರಗಳು ಬಂದ ಮೇಲೂ ವ್ಯಾಪಾರಿಗಳು ಅವರ ದನಿ ಬೇಕೆಂದು ಹಟ ಹಿಡಿದು ಉಳಿಸಿಕೊಂಡಿದ್ದರಂತೆ. "ಒಂದ ಸಲ, ಎರಡ ಸಲ" ಎಂದು ನಿಲ್ಲಿಸಿ, ಸರಿಯಾದ ಗಳಿಗೆಯಲ್ಲಿ "ಮೂರ ಸಲ" ಎನ್ನುವುದರಲ್ಲೇ ಅವರ ಕಸುಬು. ಅಂಥವರಿಗೆ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಬಂತು. ಮೊದಲು ಕೈಕಾಲು, ಆಮೇಲೆ ನಾಲಿಗೆ.

"ಮನ್ನಿ ಏನಾತಂದ್ರ," ಎಂದು ಮಹಾನಂದಕ್ಕ ಸ್ಟೂಲಿನ ಮೇಲೆ ಕೂತರು. "ಸಾರಿಗೆ ಉಪ್ಪ ಸರಿ ಆಗೇತೇನು ಅಂತ ಕೇಳಿದೆ. ಉತ್ತರ ಇಲ್ಲ. ನನಗ ಸಿಟ್ಟ ಬಂತು. ನಾ ಇವತ್ತ ಸತ್ತು ಹೋದ್ರ ನಿಮಗ ಅಡ್ಡಿಲ್ಲೇನು ಅಂದೆ. ಅಷ್ಟರಾಗ ಬಂತ ನೋಡು, ಹೂಂ ಅಂತ."

ನನಗೆ ನಗು ಬಂತು. ಅವರೂ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅದು ಉಪ್ಪಿಗೆ ಅಂದ ಹೂಂ ಅಂತ ನನಗ ಗೊತ್ತೈತಿ. ಗೊತ್ತಿದ್ರೂ ಎರಡ ದಿನ ಅತ್ತೆ. ಮೂವತ್ತ ವರ್ಷ ನಾ ಮಾತಾಡೂದು, ಅವ್ರು ಹೂಂ ಅನ್ನೂದು. ಹೂಂ ಇಲ್ದ ನನಗ ಮಾತ ಮುಂದ ಹೋಗೂದಿಲ್ಲವಾ. ಅದೊಂದು ಸರಿಯಾಗಿ ಬಂದ್ರ ಸಾಕು. ಡಾಕ್ಟರು ಗಂಟಲದ್ದೂ ಇನ್ನ ಭಾಳ ದಿನ ಇಲ್ಲ ಅಂದಾರ."

ಯಂತ್ರವನ್ನು ನನ್ನ ಕಡೆಗೆ ಸರಿಸಿ, "ಇಕಿ ನನ್ನ ಸವತಿ" ಎಂದರು. "ಮಾರ್ಕೆಟ್ಟಿಂದ ಬಂದು ಊಟ ಆದ್ಮ್ಯಾಲ ಇಕಿ ಮುಂದ ಕುಂತು ಕಾರ್ ಓಡಸ್ತಿದ್ರು. ಎಷ್ಟ ಬೈದೇನಿ ಇಕೀನ! ಈಗ ಇಕಿ ಬಾಯಿಂದ್ಲ ಗಂಡ ಮಾತಾಡಬೇಕಾಗೇತಿ."

ಅವರು ಹೋದ ಮೇಲೆ ಯಂತ್ರಕ್ಕೆ ಅಂದಾನಪ್ಪನವರ ಗಂಟಲಿನ ಹಳೆಯ ದಾಖಲೆಯೊಂದನ್ನು ಕೊಟ್ಟು ಓಡಿಸಿ ನೋಡಿದೆ. ಒಂದು ಸೆಕೆಂಡಿನ ಮಿಡಿತವನ್ನು ಬಿಡಿಸಲು ಒಂದೂಕಾಲು ಸೆಕೆಂಡು ಹಿಡಿಯುತ್ತಿತ್ತು. ರೋಗದ ಮೂಲ ಇಷ್ಟೇ. ಗಿರಣಿಗೆ ಬರುವ ಜೋಳ ಜಾಸ್ತಿ, ಬೀಸುವ ವೇಗ ಕಡಿಮೆ ಎಂದರೆ ಸಾಲು ಬೆಳೆಯುತ್ತ ಹೋಗುತ್ತದೆ. ಪಟ್ಟಿ ಸುಮ್ಮನಿರುವುದಿಲ್ಲ, ಉಗುಳು ನುಂಗಿದರೂ ಕಳಿಸುತ್ತದೆ. ಸಾಲು ಎಂಟು ಸೆಕೆಂಡು ಮುಟ್ಟಿದರೆ ಯಂತ್ರ ಮುಂದೆ ಬರುವುದನ್ನು ಒಂದಷ್ಟು ಬಿಟ್ಟೇಬಿಡುತ್ತದೆ. ಹಾಗೆ ಅವರ ಎಷ್ಟು ಮಾತು ಕಸಕ್ಕೆ ಹೋಗಿದ್ದವೋ. ಆದರೆ ಲೆಕ್ಕ ಒಂದು ಸೆಕೆಂಡಿಗಿಂತ ಕೂದಲೆಳೆಯಷ್ಟು ಕೆಳಗಿಳಿದರೂ ಸಾಕು, ಸಾಲು ಕರಗಿ ಮಾತು ಆಡಿದ ಕೂಡಲೇ ಬರುತ್ತದೆ. ಇಡೀ ಯಂತ್ರವನ್ನು ಬದಲಿಸುವುದು ಬೇಡ, ಒಂದರ ಕೆಳಗೆ ಇಳಿಸಿದರಾಯಿತು.

ಬಿಚ್ಚಿದೆ. ಒಳಗೆ ಎರಡು ತಲೆದಿಂಬಿಗಾಗುವಷ್ಟು ಅರಳೆಯಂಥ ಧೂಳು! ಫ್ಯಾನು ತೊಳೆದು, ಚಿಪ್ಪಿನ ಬಿಸಿ ಎಳೆದುಕೊಳ್ಳುವ, ಒಣಗಿ ಬಿರಿದಿದ್ದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಒಂದೂಕಾಲು ಸೆಕೆಂಡು ಇದ್ದದ್ದು ಒಂದು ಪಾಯಿಂಟ್ ಸೊನ್ನೆ ಎಂಟಕ್ಕೆ ಇಳಿಯಿತು. ಇಷ್ಟರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ, ಆದರೆ ಜನಕ್ಕೆ ಓವರ್‌ಕ್ಲಾಕ್ ಎಂದರೆ ವೇಗದ ಗುಂಡಿ ಒತ್ತುವುದು ಮಾತ್ರ.

ಆಮೇಲೆ ಪ್ರೊಸೆಸರಿನ ವೋಲ್ಟೇಜನ್ನು ಚೂರುಚೂರೇ ಇಳಿಸಿದೆ. ಕಡಿಮೆ ಉಂಡು ಅಷ್ಟೇ ಕೆಲಸ ಮಾಡುವ ಆಳಿನಂತೆ, ಬಿಸಿ ಕಡಿಮೆಯಾದರೆ ಅದು ತಾನಾಗಿಯೇ ಹೆಚ್ಚು ಹೊತ್ತು ಓಡುತ್ತದೆ. ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಒಂದು ಸಲಕ್ಕೆ ಹದಿನೈದು ಮೆಗಾಹರ್ಟ್ಸ್, ಅದಕ್ಕಿಂತ ಹೆಚ್ಚಿಲ್ಲ. ಪ್ರತಿ ಮೆಟ್ಟಿಲಿಗೂ ಅರ್ಧ ತಾಸು ಪರೀಕ್ಷೆ. ಒಮ್ಮೆಗೆ ಒಂದೇ ಬದಲಾವಣೆ, ಎಂಬತ್ತೈದು ಡಿಗ್ರಿ ದಾಟಿದರೆ ವಾಪಸ್, ವೋಲ್ಟೇಜ್ ಏರಿಸುವ ಮಾತೇ ಇಲ್ಲ. ಈ ನಿಯಮಗಳನ್ನು ಮುರಿದು ನಾನು ಸುಟ್ಟ ಯಂತ್ರಗಳು ಅಟ್ಟದ ಮೇಲಿವೆ, ನೋಡಬೇಕೆಂದರೆ ಬನ್ನಿ.

ಆಟದ ಯಂತ್ರವನ್ನು ಮಿತಿಮೀರಿ ಓಡಿಸಿದರೆ ಪರದೆಯ ಮೇಲೆ ಬಣ್ಣದ ಚುಕ್ಕೆ ಕಾಣುತ್ತವೆ. ಮಾತಿನ ಯಂತ್ರ ಹಾಗಲ್ಲ, ತಪ್ಪು ಮಾತಾಡುತ್ತದೆ. ದಾಖಲೆಯಲ್ಲಿದ್ದ ಅಂದಾನಪ್ಪನವರ ಸವಾಲಿನ ಕೂಗನ್ನೇ ಪರೀಕ್ಷೆಗೆ ಇಟ್ಟುಕೊಂಡೆ. ಒಂಬತ್ತನೆಯ ಮೆಟ್ಟಿಲಿನವರೆಗೂ "ಒಂದ ಸಲ, ಎರಡ ಸಲ, ಮೂರ ಸಲ" ಎಂದು ಕಂಚಿನ ಗಂಟಲಲ್ಲಿ ಹೇಳಿತು. ಹತ್ತನೆಯದಕ್ಕೆ "ಒಂದ ಸಲ, ಎರಡ ಸಲ, ಎರಡ ಸಲ" ಎಂದಿತು. ಎರಡು ಮೆಟ್ಟಿಲು ಕೆಳಗಿಳಿದು ಎಂಟಕ್ಕೆ ನಿಲ್ಲಿಸಿದೆ. ಸೊನ್ನೆ ಪಾಯಿಂಟ್ ಒಂಬತ್ತು ಮೂರು.

ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಆದರೂ ಚಪ್ಪಾಳೆ ಹೊಡೆದೆ.

ಮೂರೇ ದಿನಕ್ಕೆ ಮಹಾನಂದಕ್ಕನ ಫೋನು. "ಮತ್ತ ಎಂಟು ಸೆಕೆಂಡು ಆಗೇತಿ, ತಂಗಿ."

ಉರಿದುಹೋಯಿತು ನನಗೆ. ನನ್ನ ಕೆಲಸ ಹಾಗೆಲ್ಲ ಮೂರು ದಿನಕ್ಕೆ ಕೆಡುವುದಿಲ್ಲ. ಸ್ಕೂಟರ್ ಹತ್ತಿ ಬೆಟಗೇರಿಗೆ ಹೋದೆ. ನಡುಮನೆಯ ಮಂಚದ ಮೇಲೆ ಅಂದಾನಪ್ಪ ದಿಂಬಿಗೆ ಒರಗಿ ಕೂತಿದ್ದರು. ಅಲುಗಾಡುತ್ತಿದ್ದುದು ಕಣ್ಣು ಮಾತ್ರ. ಆ ಕಣ್ಣುಗಳೋ ಇಡೀ ಮಾರ್ಕೆಟ್ಟನ್ನೇ ಹಿಡಿದಿಡುವಂಥವು. ಪಕ್ಕದಲ್ಲಿ ಯಂತ್ರ. ಯಂತ್ರದ ಕೆಳಗೆ ಕೌದಿ!

ನಾಲ್ಕು ಪದರ ಮಡಿಸಿದ ದಪ್ಪನೆಯ ಕೌದಿ. ಬಣ್ಣಬಣ್ಣದ ಸೀರೆ ತುಂಡು, ಅಂಗಿ ತುಂಡು, ಒತ್ತೊತ್ತಾಗಿ ಹಾಕಿದ ಕೈಹೊಲಿಗೆ. ಮೇಲಿನಿಂದ ಕ್ರೋಷಾದ ಹೊದಿಕೆ ಬೇರೆ.

"ಅಕ್ಕಾರ, ಇದೇನ್ರಿ ಇದು?"

"ಯಾಕವಾ? ಸವತಿ ಆದ್ರ ಆಗ್ಲಿ, ಅಕಿ ಬಾಯಾಗ ಇವ್ರ ದನಿ ಐತಿ. ಬರೇ ಹಲಗಿ ಮ್ಯಾಲ ಹೆಂಗ ಇಡ್ಲಿ? ನನ್ನ ಬಾಣಂತನಕ್ಕ ನಮ್ಮವ್ವ ಹೊಲಿದ ಕೌದಿ ಅದು."

ನಾನು ನದಾಫರ ಮಗಳು. ನಮ್ಮಪ್ಪ ಜೀವಮಾನವೆಲ್ಲ ಅರಳೆ ಹಿಂಜಿ ಗಾದಿ ಹೊಲಿದವರು. ಅರಳೆ, ಹಳೆಬಟ್ಟೆ ಗಾಳಿ ಹಿಡಿದಿಡುತ್ತವೆ, ಅದಕ್ಕೇ ಬೆಚ್ಚಗಿರುತ್ತವೆ ಎಂದು ನಮ್ಮಪ್ಪ ಹೇಳುತ್ತಿದ್ದ ಮಾತು ಮನುಷ್ಯರಿಗೆ ಒಳ್ಳೆಯದು. ಆದರೆ ಯಂತ್ರ ಉಸಿರೆಳೆಯುವ ಕಿಂಡಿಗಳು ಇರುವುದೇ ಹೊಟ್ಟೆಯ ಕೆಳಗೆ. ಉಸಿರು ಕಟ್ಟಿದಾಗ ಅದು ಸುಡದಿರಲೆಂದು ತಾನೇ ವೇಗ ಇಳಿಸಿಕೊಂಡಿತ್ತು. ನಾನು ಎರಡು ದಿನ ಕೂತು ಏರಿಸಿದ್ದನ್ನು ಅಕ್ಕಾರು ಪ್ರೀತಿಯಿಂದ ಇಳಿಸಿದ್ದರು.

ಕೌದಿ ತೆಗೆಸಿದೆ. ಊಟದ ಮಣೆಯೊಂದನ್ನು ತರಿಸಿ, ಗಾಳಿಯಾಡಲೆಂದು ಯಂತ್ರದ ನಾಲ್ಕೂ ಮೂಲೆಗೆ ಮರದ ಚಕ್ಕೆ ಕೊಟ್ಟು ಇಟ್ಟೆ. ಫ್ಯಾನಿನ ಗೊರಗೊರ ಇಳಿಯಿತು. ಬಿಸಿ ತೊಂಬತ್ತಾರರಿಂದ ಎಂಬತ್ತಕ್ಕೆ ಬಂತು.

ಮಹಾನಂದಕ್ಕನಿಗೆ ಅವಮಾನವಾಗಿತ್ತು. ತಮ್ಮ ಮೇಲಿನ ಸಿಟ್ಟನ್ನು ಎಲ್ಲಿ ಹಾಕಬೇಕೋ ಅಲ್ಲೇ ಹಾಕಿದರು. "ಇವ್ರಿಗೇನವಾ, ಕುಂತಲ್ಲೆ ಚಹಾ, ಕುಂತಲ್ಲೆ ಗಂಜಿ. ಬಿಸಿ ಆದ್ರ ನಾ ಒಬ್ಬಾಕೀನ ನೋಡಬೇಕು, ತಡಾ ಆದ್ರ ನಾ ಒಬ್ಬಾಕೀನ..."

"ಚಹಾಕ್ಕ ಸಕ್ರಿ ಹಾಕಿದ್ದಿಲ್ಲ."

ನಾವಿಬ್ಬರೂ ಬೆಚ್ಚಿದೆವು. ಅಂದಾನಪ್ಪ ಮಾತಿನ ನಡುವೆಯೇ ಬಾಯಿ ಹಾಕಿದ್ದರು!

"ಏನಂದ್ರಿ?"

"ಸಕ್ರಿ. ಮೂರ ದಿನ ಆತು."

"ಮೂರ ದಿನದಿಂದ ಯಾಕ ಹೇಳ್ಲಿಲ್ಲ ಮತ್ತ?"

"ಹೇಳೀನಿ. ನೀ ಅಡಗಿಮನಿಗೆ ಹೋದ ಮ್ಯಾಲ ಬರ್ತಿತ್ತು."

ಮಹಾನಂದಕ್ಕ ಮಂಚದ ಅಂಚಿಗೆ ಬಂದು ಕೂತರು. ಆಮೇಲೆ ಶುರುವಾಯಿತು ನೋಡಿ ಜಗಳ! ಸಕ್ಕರೆಯಿಂದ ಹೊರಟು, ಮದುವೆಯಲ್ಲಿ ಯಾರೋ ಬೀಗರಿಗೆ ಎಲೆ ಹಾಕದೇ ಉಳಿದದ್ದರವರೆಗೂ ಹೋಯಿತು. ಅವರೊಂದು ಅನ್ನುವುದು, ಇವರೊಂದು ಅನ್ನುವುದು, ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಅಕ್ಕಾರು ಬೈಯುತ್ತ ಬೈಯುತ್ತ ಅಳುತ್ತಿದ್ದರು, ಅಳುತ್ತ ನಗುತ್ತಿದ್ದರು. ನಾನು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ನನ್ನ ಮನೆಯಲ್ಲಿ ಬೈಯಲು ಯಾರೂ ಇಲ್ಲ. ಅವತ್ತು ಅದು ಸ್ವಲ್ಪ ಹೆಚ್ಚೇ ನೆನಪಾಯಿತು.

ಎರಡು ತಿಂಗಳು ಹೀಗೆ ಚೆನ್ನಾಗಿ ನಡೆಯಿತು. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಧೂಳು ತೆಗೆದು ಬರುತ್ತಿದ್ದೆ. ಹೋದಾಗೆಲ್ಲ ಅಂದಾನಪ್ಪ ನನ್ನನ್ನು ಕಾಡುತ್ತಿದ್ದರು. "ಬಂತ ನೋಡು, ಗಾದಿ ಬಿಟ್ಟು ಗಾಳಿ ಮಾರೂ ಅಂಗಡಿ" ಎನ್ನುವರು. ನಾನೂ ಬಿಡುತ್ತಿರಲಿಲ್ಲ, "ಅಣ್ಣಾರ, ನಿಮ್ಮ ಬಾಯಿ ನನ್ನ ಕೈಯಾಗ ಐತಿ, ಹುಷಾರು" ಎನ್ನುತ್ತಿದ್ದೆ. ಅವರ ಕಣ್ಣು ನಗುತ್ತಿತ್ತು.

ಆದರೆ ಗಂಟಲು ಸೋಲುತ್ತಿತ್ತು. ಮಿಡಿತ ಸಣ್ಣದಾದಷ್ಟೂ ಊಹಿಸುವ ಲೆಕ್ಕ ದೊಡ್ಡದಾಗುತ್ತದೆ. ಸೊನ್ನೆ ಪಾಯಿಂಟ್ ಒಂಬತ್ತು ಮೂರು ಇದ್ದದ್ದು ಒಂಬತ್ತು ಏಳಾಯಿತು, ಒಂದಾಯಿತು, ಒಂದನ್ನು ದಾಟಿತು. ಮತ್ತೆ ಸಾಲು ಬೆಳೆಯಿತು. ಮತ್ತೆ ಎಂಟು ಸೆಕೆಂಡು.

ಒಂದು ಮುಂಜಾನೆ ಅಕ್ಕಾರು ಗಿರಣಿಗೆ ಹೋಗಿದ್ದರು. ನಾನು ಯಂತ್ರದ ಮುಂದೆ ಕೂತಿದ್ದೆ. ಅಂದಾನಪ್ಪನವರ ಗಂಟಲು ಮಿಡಿದದ್ದು ಪರದೆಯ ಮೇಲೆ ಕಂಡಿತು, ಮಾತು ಬರುವವರೆಗೆ ಕಾಯುತ್ತ ಕೂತೆ.

"ತಂಗೀ. ಪೂರಾ ವೇಗಕ್ಕ ಬಿಡು. ಒಂದ ದಿನಾ ಅಕಿ ಜೋಡಿ ಮೊದಲಿನಂಗ ಜಗಳಾಡ್ತೀನಿ. ಸುಟ್ಟರ ಸುಡ್ಲಿ."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಒಂದು ದಿನ! ವೋಲ್ಟೇಜ್ ಏರಿಸಿ, ಬಿಸಿಯ ಮಿತಿ ಕಿತ್ತೊಗೆದು, ಐಸ್ ಪೆಟ್ಟಿಗೆಯ ಗಾಳಿ ಕೊಟ್ಟು ಓಡಿಸಿದರೆ ಒಂದು ದಿನ ಬಾಳಿಕೆ ಬರಬಹುದಿತ್ತು. ವೋಲ್ಟೇಜ್ ಮುಟ್ಟದೆ ಎರಡು ಮೆಟ್ಟಿಲು ಏರಿಸಿ ಸವಾಲಿನ ಕೂಗು ಕೊಟ್ಟು ನೋಡಿದೆ. "ಒಂದ ಸಲ, ಎರಡ ಸಲ, ಎರಡ ಸಲ, ಎರಡ ಸಲ" ಎಂದು ಸಿಕ್ಕಿಹಾಕಿಕೊಂಡಿತು. ಕೈ ಹಿಂದೆಗೆದೆ.

"ಆಗೂದಿಲ್ರಿ ಅಣ್ಣಾರ. ಮಾತು ಬೇಗ ಬಂದೀತು, ಆದ್ರ ನಿಮ್ಮ ಮಾತು ಆಗಿರೂದಿಲ್ಲ. ಸುಟ್ಟರ ಬ್ಯಾರೆ ಕಾರ್ಡ್ ಊರಾಗೆಲ್ಲ ಇಲ್ಲ. ಎಂಟು ಸೆಕೆಂಡಿನ ನೀವೂ ಅಕ್ಕಾರಿಗೆ ಸಿಗೂದಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ನನಗೂ ಅಲ್ಲಿ ಕೂರಲಾಗಲಿಲ್ಲ.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಮತ್ತೆ ಹೋದೆ. ದಾರಿಯಲ್ಲಿ ಒಂದು ಉಪಾಯ ಹೊಳೆದಿತ್ತು, ಹುರುಪಿನಿಂದ ಹೇಳಿಯೂಬಿಟ್ಟೆ. "ಅಕ್ಕಾರ, ಅವ್ರ ಹಳೇ ಹೂಂ ಎಲ್ಲಾ ಯಂತ್ರದಾಗ ಅದಾವು. ನೀವು ಮಾತ ನಿಲ್ಲಿಸಿದ ಕೂಡ್ಲೆ ತಾನ ಒಂದು ಹೂಂ ಅನ್ನೂವಂಗ ಮಾಡಿಡ್ತೀನಿ."

ಮಹಾನಂದಕ್ಕ ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು. "ಕೇಳದೆ ಹೂಂ ಅನ್ನೋರು ಊರ ತುಂಬ ಅದಾರವಾ. ಇವ್ರು ಕೇಳಿ ಅಂತಿದ್ರು."

ನಾಚಿಕೆಯಾಯಿತು ನನಗೆ. ತಲೆ ತಗ್ಗಿಸಿ ಪರದೆ ನೋಡಿದೆ. ಅಲ್ಲಿ ಅಂದಾನಪ್ಪನವರ ಗಂಟಲಿನ ಗೆರೆ ಒಮ್ಮೆ, ಸ್ಪಷ್ಟವಾಗಿ, ಗುಬ್ಬಿಯ ಎದೆಯಂತೆ ಉಬ್ಬಿ ಇಳಿಯಿತು. ಎಂಟು ಸೆಕೆಂಡಿನ ಮೇಲೆ ಸ್ಪೀಕರ್ "ಹೂಂ" ಎಂದಿತು. ಹೆಂಡತಿಯ ಮಾತಿಗೆ ಒಪ್ಪಿಗೆ.

ಆಗ ನನ್ನ ಮಂದ ತಲೆಗೆ ಹೊಳೆಯಿತು. ಹೂಂ ಅನ್ನಲು ನಾಲಿಗೆ ಬೇಡ, ತುಟಿ ಬೇಡ. ಬಾಯಿ ಮುಚ್ಚಿದ್ದಲ್ಲಿಯೇ ಗಂಟಲು ಒಂದು ಸಲ ಮಿಡಿದರೆ ಹೂಂ, ಎರಡು ಸಲ ಮಿಡಿದರೆ ಊಹೂಂ. ಅದನ್ನು ಗುರುತಿಸಲು ಗ್ರಾಫಿಕ್ಸ್ ಕಾರ್ಡಿನ ಅಷ್ಟು ದೊಡ್ಡ ಊಹೆಯೇ ಬೇಡ, ಪ್ರೊಸೆಸರ್ ಒಂದೇ ಸಾಕು. ಅದೂ ಕಣ್ಣು ಪಿಳುಕಿಸುವುದರೊಳಗೆ. ಆದರೆ ಎರಡೂ ಒಟ್ಟಿಗೆ ಆಗುವುದಿಲ್ಲ. ಪೂರ್ತಿ ಮಾತಿಗೂ ಮಿಡಿತ ಸೋಸಿ ಕೊಡಬೇಕಾದದ್ದು ಅದೇ ಪ್ರೊಸೆಸರ್, ಹೂಂ ಕೂಡ ಆ ಸಾಲಿನ ಹಿಂದೆಯೇ ನಿಲ್ಲಬೇಕಾಗುತ್ತದೆ.

ಇಬ್ಬರಿಗೂ ಬಿಡಿಸಿ ಹೇಳಿದೆ. ಮಾತು ಇಟ್ಟುಕೊಂಡರೆ ಎಂಟು ಸೆಕೆಂಡು, ಅದೂ ಇನ್ನೊಂದು ತಿಂಗಳು. ಮಾತು ಬಿಟ್ಟರೆ ಹೂಂ ಮತ್ತು ಊಹೂಂ, ಗಂಟಲು ಮಿಡಿಯುವವರೆಗೂ, ಸರಿಯಾದ ಹೊತ್ತಿಗೆ.

"ಅವ್ರ ಮಾತು ಬಿಡೂದು ಬ್ಯಾಡ" ಎಂದರು ಮಹಾನಂದಕ್ಕ ತಟ್ಟನೆ. "ನಾ ಕಾಯ್ತೀನಿ. ಎಂಟ್ಯಾಕ, ಎಂಬತ್ತ ಸೆಕೆಂಡು ಆಗ್ಲಿ."

ಅಂದಾನಪ್ಪನವರ ಗಂಟಲು ಮಿಡಿಯುತ್ತಿತ್ತು. ನಾವಿಬ್ಬರೂ ಸ್ಪೀಕರಿನತ್ತ ತಿರುಗಿ ಕಾದೆವು.

"ನಾ ಕೂಗಿದ್ದು ಸಾಕು. ನೀ ಮಾತಾಡು, ನಂದಾ. ಹೂಂ ಇರ್ಲಿ." ಮತ್ತೆ ಒಂದಷ್ಟು ಹೊತ್ತು ಬರಿಯ ಫ್ಯಾನಿನ ಸದ್ದು. "ಒಂದ ಸಲ." ಇನ್ನಷ್ಟು ಹೊತ್ತು. "ಎರಡ ಸಲ."

ಅಲ್ಲಿಗೆ ನಿಲ್ಲಿಸಿ ಹೆಂಡತಿಯನ್ನು ನೋಡಿದರು. ಸವಾಲಿನಲ್ಲಿ ಆ ಮೂರನೆಯದು ಬಿದ್ದರೆ ಮುಗಿಯಿತು, ಮಾಲು ಕೈ ಬದಲಾದಂತೆ. ಮಹಾನಂದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಂದಾನಪ್ಪ ಅವಸರ ಮಾಡಲಿಲ್ಲ, ಕಾದರು.

"ಮೂರ ಸಲ" ಎಂದರು ಅಕ್ಕಾರು.

ಮಧ್ಯಾಹ್ನದ ಹೊತ್ತಿಗೆ ಬದಲಿಸಿ ಕೊಟ್ಟೆ. ಅಕ್ಕಾರು ಪರೀಕ್ಷೆಗೆಂದು ಗಿರಣಿಯಲ್ಲಿ ನಡೆದ ಯಾವುದೋ ತಕರಾರು ಹೇಳಲು ಶುರು ಮಾಡಿದರು. ಹೂಂ ಬಂತು. ಮುಂದೆ ಹೇಳಿದರು. ಹೂಂ ಬಂತು. "ಅಕೀದ ತಪ್ಪು ಹೌದಲ್ರಿ?" ಎಂದರು. "ಊಹೂಂ" ಬಂತು, ಥಟ್ಟನೆ. "ಹೌದಪಾ, ನಿಮಗ ಊರಾಗಿನ ಎಲ್ಲಾರೂ ಸಾಚಾ, ನಾ ಒಬ್ಬಾಕೀನ ಕೆಟ್ಟಾಕಿ" ಎಂದು ಅಕ್ಕಾರು ಮೊರ ಎಳೆದುಕೊಂಡರು. ನಾನು ಗ್ರಾಫಿಕ್ಸ್ ಕಾರ್ಡನ್ನು ಮಲಗಿಸಿ ಮನೆಗೆ ಬಂದೆ.

ಶ್ರಾವಣದ ಒಂದು ಮಧ್ಯಾಹ್ನ ಮಹಾನಂದಕ್ಕ ಅಂಗಡಿಗೆ ಬಂದರು. ಕಂಕುಳಲ್ಲಿ ಕೌದಿಯ ಗಂಟು. ಕೌಂಟರ್ ಮೇಲಿಟ್ಟು ಬಿಚ್ಚಿದರು. ಒಳಗೆ ಯಂತ್ರ.

"ಈಗ ಸುತ್ತಬೌದಲ್ಲ, ತಂಗಿ? ಬಂದ್ ಮಾಡಿದ ಯಂತ್ರಕ್ಕ ಏನೂ ಆಗೂದಿಲ್ಲಲ್ಲ?"

ಆಗೂದಿಲ್ಲ ಎಂದು ತಲೆಯಾಡಿಸಿದೆ.

"ಸವತೀನ ಕಳಸಾಕ ಬಂದೇನಿ. ನರಗುಂದದಾಗ ಒಬ್ಬ ಸಾಲಿ ಕಲಸೂ ಬಾಯಾರಿಗೆ ಇದ ಬ್ಯಾನಿ ಶುರು ಆಗೇತಂತ. ಅವರ ಗಂಟಲಾ ಇನ್ನ ಗಟ್ಟಿ ಐತಿ. ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡು. ಇನ್ನ ಇದನ್ನ ಓಡಸೂ ಅವಸರ ಇಲ್ಲ."

ಸ್ಟೂಲು ಎಳೆದು ಕೂರಿಸಿದೆ. ನೀರು ಕೊಟ್ಟೆ. ಯಂತ್ರ ತೆರೆದು ಎಂಟು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸುತ್ತ ಹೋದೆ. ಒಂದೇ ಗುಂಡಿಯಲ್ಲಿ ಎಲ್ಲ ಮೊದಲಿನಂತೆ ಮಾಡಬಹುದಿತ್ತು, ಮನಸ್ಸಾಗಲಿಲ್ಲ.

"ಅವತ್ತ ಮುಂಜಾನೆ ಉಳ್ಳಾಗಡ್ಡಿ ಹೆಚ್ಚಕೋತ ಮಾತಾಡಾಕತ್ತಿದ್ದೆ" ಎಂದರು ಅಕ್ಕಾರು, ಕೌದಿಯನ್ನು ತೊಡೆಯ ಮೇಲೆ ಮಡಿಸಿಕೊಳ್ಳುತ್ತ. "ಹೂಂ ಅಂದ್ರು. ಮತ್ತೊಂದು ಮಾತಿಗೂ ಹೂಂ ಅಂದ್ರು. ಆಮ್ಯಾಲ ಬರ್ಲಿಲ್ಲ. ಯಂತ್ರ ಬಿಸಿ ಆಗೇತೇನೋ ಅಂತ ಎದ್ದು ಕೈ ಇಟ್ಟ ನೋಡಿದೆ. ತಣ್ಣಗಿತ್ತು."

ಮಾತು ಅಲ್ಲಿಗೆ ನಿಂತಿತು. ಅಕ್ಕಾರು ಮುಂದೆ ಏನೋ ಹೇಳಬೇಕೆಂದಿದ್ದರು, ಬಾಯಿ ತುಸು ತೆರೆದೇ ಇತ್ತು. ಕಣ್ಣು ಮಾತ್ರ ಕೌಂಟರ್ ಮೇಲಿನ ಯಂತ್ರದ ಸ್ಪೀಕರಿನತ್ತ ಹೋಗಿ ನಿಂತಿತ್ತು. ಏನನ್ನು ಕಾಯುತ್ತಿದ್ದಾರೆಂದು ನನಗೆ ತಿಳಿಯಲು ಒಂದೆರಡು ಸೆಕೆಂಡು ಹಿಡಿಯಿತು. ತಡವಾಯಿತೇನೋ ಎಂದು ಜೀವ ಹಾರಿತು.

"ಹೂಂ" ಎಂದೆ.

ಮಹಾನಂದಕ್ಕ ನನ್ನತ್ತ ತಿರುಗಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ಮಾತು ಮುಂದುವರಿಸಿದರು.